ಕೆನೆ ಎತ್ತುವ ಕೈ

ಅಂತರಸನಹಳ್ಳಿಯ ಶೆಡ್ಡಿನಲ್ಲಿ ಬೆಳಗಿನ ಆರು ಗಂಟೆ.
ಫ್ಯಾನು ಹಾಕುವಂತಿಲ್ಲ, ಬಾಗಿಲು ತೆಗೆಯುವಂತಿಲ್ಲ,
ಸೀನು ಬಂದರೆ ಹೊರಗೆ ಓಡಬೇಕು.
ಸ್ಟೀಲು ಬೋಗುಣಿಯ ನೀರ ಮೇಲೆ
ತೇಲುತ್ತಿದೆ ಇಂಗಾಲದ ಒಂದು ಹಾಳೆ.
ಕೂದಲನ್ನು ಸಾವಿರ ಸೀಳು ಮಾಡಿದರೆ
ಒಂದು ಸೀಳಿನಷ್ಟು ದಪ್ಪ.
ನೋಡಿದರೆ ಬರೀ ಹೊಗೆಯ ನೆರಳು.

ಗಂಗಹನುಮಕ್ಕ ಬಳೆ ಬಿಚ್ಚಿ ಡಬ್ಬಿಗೆ ಹಾಕಿದ್ದಾಳೆ.
ಇಪ್ಪತ್ತೆರಡು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ
ಸುರುಳಿ ಸ್ಪ್ರಿಂಗು ಕೂರಿಸಿದ ಕೈ.
ಕೊನೆಯ ಪಾಳಿಯ ದಿನ
ಚಿಮಟವೊಂದನ್ನು ಸೆರಗಿನ ತುದಿಗೆ ಗಂಟು ಹಾಕಿ ತಂದವಳು.
‘ಕದ್ದದ್ದಲ್ಲ ಕಣವ್ವ, ಅಷ್ಟೊತ್ತಿಗೆ ಅದು ನನ್ನ ಬೆರಳಾಗಿತ್ತು.’

ನನ್ನದು ಗೆರೆ ಎಳೆಯುವ ಕೆಲಸ.
ಸಿಡಿಯುವ ನಕ್ಷತ್ರದೊಳಗೆ
ಯಾವುದು ಯಾವುದಕ್ಕೆ ಡಿಕ್ಕಿ ಹೊಡೆದು ಏನಾಯಿತೆಂದು
ಒಂದು ಕೊಡದಷ್ಟು ಪಾತ್ರೆಯಲ್ಲಿ
ಮತ್ತೆ ನಡೆಸಿ ನೋಡುವುದಕ್ಕೆ
ಪಾತ್ರೆಯ ನಕ್ಷೆ.
ಎಡದಿಂದ ಕಿರಣ, ನಡುವೆ ಹಾಳೆ,
ಸುತ್ತ ಸಿಲಿಕಾನಿನ ಬಿಲ್ಲೆಗಳು
ಬಾಗಿಲ ಸಂದಿಗೆ ಕಿವಿಯಿಟ್ಟ ನೆಂಟರ ಹಾಗೆ.

ಅವಳಿಗೆ ಒಮ್ಮೆ ಹೇಳಿದ್ದೆ:
ಮುದಿ ಕುಳ್ಳ ನಕ್ಷತ್ರವೊಂದು
ಪಕ್ಕದವಳ ಮೈಯಿಂದ ಜಲಜನಕ ಕದ್ದು ಪೇರಿಸುತ್ತದೆ,
ತಾಳದೆ ಒಂದು ದಿನ ಭಗ್ಗೆನ್ನುತ್ತದೆ.
‘ಸಾಯ್ತದಾ?’
ಇಲ್ಲ, ತೊಳೆದುಕೊಂಡು ಮತ್ತೆ ಕದಿಯಲು ಕೂರುತ್ತದೆ.
‘ಹಾಗನ್ನು. ನಮ್ಮ ಉಪ್ಪಾರಹಳ್ಳಿ ಬೀದೀಲೂ ಒಬ್ಬ ಅವ್ನೆ.’

ಮೂರು ಸಲ ಕಳಿಸಿದೆವು.
ಮೂರು ಸಲವೂ ದೂರದ ಆ ವೇಗವರ್ಧಕದಿಂದ ಒಂದೇ ಮಾತು:
ಕಿರಣ ತಾಕಿದ ಹತ್ತನೇ ನಿಮಿಷಕ್ಕೆ ಹಾಳೆ ಬಿರುಕು.
ನಾನು ಚೌಕಟ್ಟು ಬದಲಿಸಿದೆ, ಅಂಟು ಬದಲಿಸಿದೆ,
ಲೆಕ್ಕದ ಮೇಲೆ ಲೆಕ್ಕ ಹಾಕಿ
ಇನ್ನೂ ಬಿಗಿ, ಇನ್ನೂ ಸಮ, ತಬಲದ ಚರ್ಮದಷ್ಟು ಸಮ.
ಆಕೆ ಹರಿದ ಹಾಳೆಯನ್ನು
ಹಳೇ ಕಣ್ಣುಗಾಜಿನಲ್ಲಿ ನೋಡುತ್ತ ಕೂತಿದ್ದಳು,
ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಆರಿ ಹೋಗುವಷ್ಟು ಹೊತ್ತು.

‘ಬಿಗಿ ಕಟ್ಟಿದ್ದಕ್ಕೇ ಹರಿದದ್ದು.
ಕಾದರೆ ಮುದುರಬೇಕು ತಾನೆ ಅದು? ಮುದುರೋಕೆ ಜಾಗ ಎಲ್ಲಿಟ್ಟಿದೀಯ?
ಸ್ಪ್ರಿಂಗಾದರೂ ಅಷ್ಟೇ,
ಉಸಿರಾಡೋಕೆ ಬಿಟ್ಟರೇ ಟೈಮು ತೋರಿಸೋದು.’

ನಾಲ್ಕು ವರ್ಷದ ನನ್ನ ನಕ್ಷೆಯಲ್ಲಿ
ಸಡಿಲ ಎಂಬ ಮಾತೇ ಇರಲಿಲ್ಲ.
ಎಷ್ಟು ಸಡಿಲ ಎಂದು ಕೇಳಿದೆ, ಮಿಲಿಮೀಟರಿನಲ್ಲಿ.
ನಕ್ಕಳು. ‘ಹಾಲಿನ ಕೆನೆ ಎತ್ತಿಲ್ಲವಾ ನೀನು?’

ಹೆದ್ದಾರಿಯಲ್ಲಿ ಲಾರಿ ಹೋದರೆ
ಬೋಗುಣಿಯ ನೀರಲ್ಲಿ ಬಳೆ ಬಳೆ ಅಲೆ.
ಕಾಯುತ್ತಾಳೆ. ನೀರು ಕನ್ನಡಿಯಾಗುತ್ತದೆ.
ಚೌಕಟ್ಟನ್ನು ಓರೆಯಾಗಿ ಮುಳುಗಿಸಿ
ಉಸಿರು ಬಿಡದೆ
ಎತ್ತುತ್ತಾಳೆ.
ಹಾಳೆಯ ಹೊಟ್ಟೆಯಲ್ಲೊಂದು ಸಣ್ಣ ಸುಕ್ಕು,
ನನ್ನ ಕಣ್ಣಿಗೆ ತಪ್ಪಿನಂತೆ ಕಾಣುವ ಸುಕ್ಕು.

ದೇವರಾಯನದುರ್ಗದ ಮೇಲೆ ಹೋದರೆ
ನಕ್ಷತ್ರ ಚೆನ್ನಾಗಿ ಕಾಣುತ್ತವಂತೆ.
ನಾವಿಬ್ಬರೂ ಇನ್ನೂ ಹೋಗಿಲ್ಲ.
ಇಲ್ಲಿ ರಾತ್ರಿಯೆಂದರೆ ಕಾರ್ಖಾನೆಗಳ ಸೋಡಿಯಂ ದೀಪ,
ಕರೆಂಟು ಹೋದರೆ ಪಂಪಿನ ಚಿಂತೆ.

ಆಷಾಢದಲ್ಲಿ ಸಂದೇಶ ಬಂತು.
ಹಾಳೆ ಮೂರು ವಾರ ತಾಳಿತು.
ಮೂರು ವಾರಕ್ಕೆ, ಕೋಟಿ ಕೋಟಿ ಡಿಕ್ಕಿಯಲ್ಲಿ,
ಬೇಕಾದ ಜಾಗದಲ್ಲಿ ಬೇಕಾದ ಹಾಗೆ
ಹನ್ನೊಂದು ಚುಕ್ಕಿ.

ನಾನು ಕೂಗಿ ಹೇಳಿದೆ, ದನಿ ನಡುಗುತ್ತಿತ್ತು.
ಅವಳು ಕಣ್ಣುಗಾಜು ಹಣೆಗೇರಿಸಿ
‘ಹನ್ನೊಂದಾ? ಸರಿಯಾಗಿ ಎಣಿಸಿದಾರಾ?’ ಎಂದಳು.

ಅವಳ ಮೂಗಿನ ನತ್ತು, ಆಕಾಶ, ಬೂದಿ
ಏನೋ ದೊಡ್ಡದೊಂದು ಹೇಳಲು ಬಾಯಿ ತೆರೆದೆ.
‘ಅದಿರ್ಲಿ.
ಮುಂದಿನ ಚೌಕಟ್ಟಿನ ಎಡಮೂಲೆ ಚೂಪದೆ,
ಉಜ್ಜಿಸಿ ತಾ.’

ಹೊರಗೆ ಲಾರಿ.
ಇಬ್ಬರೂ ಬೋಗುಣಿ ನೋಡುತ್ತ
ಸುಮ್ಮನಾದೆವು.